ಕಾರವಾರದ ಬೇಸಿಗೆಯಲ್ಲಿ ತಿಳಿಯಾದ ಪ್ಲೇಕ್‌ಗಳು: ಶಾಖವನ್ನು ಅರಿತದ್ದು ಆರ್‌ಎನ್‌ಎಯೋ, ಪ್ರೋಟೀನೋ?

ಈ ಪ್ರಕರಣ ಕಾರವಾರದ ಒಂದು ಪದವಿ ಕಾಲೇಜಿನ ಸೂಕ್ಷ್ಮಜೀವಶಾಸ್ತ್ರ ಪ್ರಯೋಗಾಲಯಕ್ಕೆ ಸಂಬಂಧಿಸಿದ್ದು. ಅಂತಿಮ ವರ್ಷದ ವಿದ್ಯಾರ್ಥಿಗಳು ಲ್ಯಾಂಬ್ಡಾ ಎಂಬ ಫೇಜನ್ನು, ಅಂದರೆ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳಲ್ಲಿ ಒಂದನ್ನು, ಇ. ಕೋಲಿಯ ಮೇಲೆ 30 ಡಿಗ್ರಿ ಮತ್ತು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದ್ದರು. ಮರುದಿನ ನೋಡಿದಾಗ 30 ಡಿಗ್ರಿಯ ತಟ್ಟೆಯ ಪ್ಲೇಕ್‌ಗಳ, ಅಂದರೆ ಫೇಜ್ ಬ್ಯಾಕ್ಟೀರಿಯಾಗಳನ್ನು ಒಡೆದ ಜಾಗದಲ್ಲಿ ಮೂಡುವ ದುಂಡನೆಯ ಕಲೆಗಳ, ನಡುಭಾಗದಲ್ಲಿ ಮಬ್ಬು ಇತ್ತು. 42 ಡಿಗ್ರಿಯ ತಟ್ಟೆಯ ಪ್ಲೇಕ್‌ಗಳು ಅಂಚಿನಿಂದ ಅಂಚಿಗೆ ತಿಳಿಯಾಗಿದ್ದು, ಅವುಗಳ ಮೂಲಕ ಕೆಳಗಿನ ಕಾಗದದ ಅಕ್ಷರಗಳನ್ನು ಓದಬಹುದಾಗಿತ್ತು. ಒಂದು ಗುಂಪು ತನ್ನ ಪ್ರಾಕ್ಟಿಕಲ್ ಜರ್ನಲ್‌ನಲ್ಲಿ ಬರೆದ ತೀರ್ಮಾನ ಹೀಗಿತ್ತು: "ಲ್ಯಾಂಬ್ಡಾದ ಸಿ-3 ಜೀನಿನ ಎಂಆರ್‌ಎನ್‌ಎ ಒಂದು ತಾಪಮಾಪಕ. ಶಾಖ ಹೆಚ್ಚಿದಾಗ ಅದು ಮುಚ್ಚಿಕೊಳ್ಳುತ್ತದೆ. ಆದ್ದರಿಂದ 42 ಡಿಗ್ರಿಯಲ್ಲಿ ಪ್ಲೇಕ್‌ಗಳು ತಿಳಿಯಾದವು."

ಎಂಆರ್‌ಎನ್‌ಎ ಎಂದರೆ ಜೀನಿನ ಸಂದೇಶವನ್ನು ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಒಯ್ಯುವ ಎಳೆ. ಮೊದಲ ಎರಡು ವಾಕ್ಯಗಳಲ್ಲಿ ತಪ್ಪಿಲ್ಲ, ತಟ್ಟೆಯಲ್ಲಿ ಕಂಡದ್ದೂ ಸುಳ್ಳಲ್ಲ. ಆದರೆ ಮೂರನೆಯ ವಾಕ್ಯಕ್ಕೆ ಆ ತಟ್ಟೆಗಳು ಆಧಾರವಾಗಬಲ್ಲವೇ ಎಂಬುದು ಬೇರೆಯೇ ಪ್ರಶ್ನೆ. ಈ ಬರಹ ಆ ಪ್ರಶ್ನೆಯ ವಿಚಾರಣೆ.

ಪ್ರಯೋಗ ನಡೆದ ಬಗೆ

ಪಠ್ಯಪುಸ್ತಕಗಳು ಕೋಣೆಯ ತಾಪಮಾನ ಎಂದಾಗ 25 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಾರವಾರದ ಕೋಣೆ ರಾತ್ರಿಯಲ್ಲಿಯೂ ಅಷ್ಟಕ್ಕೆ ಇಳಿಯುವುದು ಅಪರೂಪ, ಹಗಲಿನಲ್ಲಂತೂ ಆ ಮಾತೇ ಇಲ್ಲ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದೇ ಹೊರತು ತಂಪು ಮಾಡಲಾರದು. ಅದರ ಗುಂಡಿಯನ್ನು 30ಕ್ಕೆ ತಿರುಗಿಸಿಟ್ಟರೂ ಕೋಣೆ 33 ಡಿಗ್ರಿಯಲ್ಲಿದ್ದರೆ ಒಳಗಿನ ತಟ್ಟೆಗಳು 33ಕ್ಕಿಂತ ಕೆಳಗಿಳಿಯುವುದಿಲ್ಲ. ತಾಪಮಾನವೇ ವಿಷಯವಾಗಿರುವ ಪ್ರಯೋಗದಲ್ಲಿ ಈ ಮೂರು ಡಿಗ್ರಿಯನ್ನು ಬದಿಗೆ ಸರಿಸುವಂತಿಲ್ಲ. ಆದ್ದರಿಂದ 30 ಡಿಗ್ರಿಯ ತಟ್ಟೆಗಳನ್ನು ಕಂಪ್ರೆಸರ್ ಇರುವ ಬಿ.ಓ.ಡಿ. ಇನ್‌ಕ್ಯುಬೇಟರ್‌ನಲ್ಲಿಯೂ 42 ಡಿಗ್ರಿಯವನ್ನು ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲಿಯೂ ಇಟ್ಟಿದ್ದೆವು. ಹೊರಗಿನ ಪರದೆ ತೋರಿಸುವ ಅಂಕಿಯನ್ನು ನಂಬದೆ, ಎರಡರಲ್ಲಿಯೂ ಒಂದೊಂದು ನೀರಿನ ಬಾಟಲಿಯಲ್ಲಿ ಗಾಜಿನ ಥರ್ಮಾಮೀಟರ್ ಇಳಿಬಿಟ್ಟು, ಬಾಗಿಲು ತೆರೆದಾಗಲೆಲ್ಲ ಅದನ್ನೇ ಓದಲಾಯಿತು. ಬಾಗಿಲು ತೆರೆದ ಕ್ಷಣ ಗಾಳಿಯ ಬಿಸಿ ಏರಿಳಿಯುತ್ತದೆ, ನೀರಿನದು ಅಷ್ಟು ಬೇಗ ಬದಲಾಗುವುದಿಲ್ಲ. ಅಗರ್‌ನ ಸ್ಥಿತಿಗೆ ನೀರೇ ಹತ್ತಿರ.

ಆತಿಥೇಯ ಬ್ಯಾಕ್ಟೀರಿಯಾವನ್ನು ಮಾಲ್ಟೋಸ್ ಸೇರಿಸಿದ ಸಾರಿನಲ್ಲಿ ಬೆಳೆಸಲಾಗಿತ್ತು. ಮಾಲ್ಟೋಸನ್ನು ಒಳಗೆ ಸಾಗಿಸುವ ಹೊರಪೊರೆಯ ಪ್ರೋಟೀನಿಗೇ ಲ್ಯಾಂಬ್ಡಾ ಅಂಟಿಕೊಳ್ಳುವುದರಿಂದ, ಆ ಸಕ್ಕರೆ ಇದ್ದಾಗ ಫೇಜ್‌ಗೆ ಹೆಚ್ಚು ಹಿಡಿತ ಸಿಗುತ್ತದೆ. ಜೊತೆಗೆ ಮೆಗ್ನೀಸಿಯಂ ಸಲ್ಫೇಟ್ ಬೇಕು. ಅದಿಲ್ಲದೆ ಲ್ಯಾಂಬ್ಡಾದ ತಲೆಭಾಗ ಬಾಳುವುದಿಲ್ಲ. ಫೇಜ್ ಮತ್ತು ಬ್ಯಾಕ್ಟೀರಿಯಾವನ್ನು ಕರಗಿಸಿದ ಸಾಫ್ಟ್ ಅಗರ್‌ನಲ್ಲಿ ಬೆರೆಸಿ ತಟ್ಟೆಯ ಮೇಲೆ ಹರಡಲಾಯಿತು. ಕರಾವಳಿಯ ತೇವದಲ್ಲಿ ಮುಚ್ಚಳದ ಒಳಮೈಗೆ ನೀರು ಕೂಡಿ ತೊಟ್ಟಿಕ್ಕಿದರೆ ಪ್ಲೇಕ್‌ಗಳು ಹರಿದು ಒಂದಕ್ಕೊಂದು ಸೇರಿಬಿಡುತ್ತವೆ. ಅದಕ್ಕಾಗಿ ತಟ್ಟೆಗಳನ್ನು ಮೊದಲೇ ಒಣಗಿಸಿ, ತಲೆಕೆಳಗಾಗಿಯೇ ಇಡಲಾಗಿತ್ತು. ಇಷ್ಟರ ಮಟ್ಟಿಗೆ ಕೆಲಸ ಅಚ್ಚುಕಟ್ಟಾಗಿಯೇ ನಡೆದಿತ್ತು.

ಮಬ್ಬು ಎಲ್ಲಿಂದ ಬರುತ್ತದೆ

ಲ್ಯಾಂಬ್ಡಾವನ್ನು 1950ರ ದಶಕದ ಆರಂಭದಲ್ಲಿ ಎಸ್ತರ್ ಲೆಡರ್‌ಬರ್ಗ್ ಗುರುತಿಸಿದರು. ಇ. ಕೋಲಿಯ ಕೆ-12 ತಳಿ ಅದುವರೆಗೂ ಅದನ್ನು ತನ್ನೊಳಗೆ ಹೊತ್ತುಕೊಂಡೇ ಪ್ರಯೋಗಾಲಯಗಳಲ್ಲಿ ಓಡಾಡುತ್ತಿತ್ತು. ಈ ಫೇಜ್‌ನ ಡಿಎನ್‌ಎ 48,502 ಬೇಸ್ ಜೋಡಿಗಳಷ್ಟು ಉದ್ದ. ಅದು ಜೀವಕೋಶವನ್ನು ಹೊಕ್ಕ ಮೇಲೆ ಎರಡರಲ್ಲಿ ಒಂದು ನಡೆಯುತ್ತದೆ. ಲೈಟಿಕ್ ಮಾರ್ಗದಲ್ಲಿ ಫೇಜ್ ತನ್ನ ಪ್ರತಿಗಳನ್ನು ಮಾಡಿಕೊಂಡು ಕೋಶವನ್ನು ಒಡೆದು ಹೊರಬರುತ್ತದೆ. ಲೈಸೋಜೆನಿಕ್ ಮಾರ್ಗದಲ್ಲಿ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಕ್ರೋಮೋಸೋಮಿಗೆ ಸೇರಿಸಿ ಸುಮ್ಮನಾಗುತ್ತದೆ, ಮತ್ತು ಆ ಕೋಶ ಬದುಕಿ ಉಳಿಯುವುದಷ್ಟೇ ಅಲ್ಲ, ಮತ್ತೆ ಬರುವ ಲ್ಯಾಂಬ್ಡಾದಿಂದಲೂ ರಕ್ಷಣೆ ಪಡೆಯುತ್ತದೆ. ಪ್ಲೇಕ್‌ನ ನಡುವಿನ ಮಬ್ಬು ಎಂದರೆ ಹೀಗೆ ಉಳಿದುಕೊಂಡ ಕೋಶಗಳ ಬೆಳೆ. ಎಲ್ಲ ಕೋಶಗಳೂ ಒಡೆದರೆ ಮಬ್ಬಿಲ್ಲ.

ಯಾವ ಮಾರ್ಗ ಎಂಬುದು ಸೋಂಕಿನ ಮೊದಲ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಸಿ-2 ಎಂಬ ಪ್ರೋಟೀನು ಸಾಕಷ್ಟು ಕೂಡಿದರೆ ಅದು ಸಿ-1 ಜೀನನ್ನು ಚಾಲೂ ಮಾಡುತ್ತದೆ. ಸಿ-1ರಿಂದ ತಯಾರಾಗುವ ನಿಗ್ರಹಕ ಪ್ರೋಟೀನು ಉಳಿದ ಫೇಜ್ ಜೀನುಗಳ ಬಾಯಿ ಮುಚ್ಚಿಸುತ್ತದೆ. ಆದರೆ ಸಿ-2ರ ಆಯುಷ್ಯ ಬಹಳ ಕಡಿಮೆ. ಬ್ಯಾಕ್ಟೀರಿಯಾದ ಒಳಪೊರೆಯಲ್ಲಿರುವ ಎಫ್‌ಟಿಎಸ್‌ಎಚ್ ಎಂಬ ಪ್ರೋಟೀನ್-ಭಂಜಕ ಅದನ್ನು ಮಾಡಿದಷ್ಟೇ ಬೇಗ ಕತ್ತರಿಸಿ ಹಾಕುತ್ತದೆ. ಇಲ್ಲಿ ಸಿ-3ರ ಪ್ರವೇಶ. ಕೇವಲ 54 ಅಮೈನೋ ಆಮ್ಲಗಳ ಈ ಸಣ್ಣ ಪ್ರೋಟೀನು ಆ ಭಂಜಕಕ್ಕೆ ಅಡ್ಡ ಹಾಕಿ ಸಿ-2ಕ್ಕೆ ಸ್ವಲ್ಪ ಕಾಲಾವಕಾಶ ಕೊಡುತ್ತದೆ. ಸಿ-3 ಹೆಚ್ಚಿದರೆ ಲೈಸೋಜೆನಿ ಹೆಚ್ಚು, ಕಡಿಮೆಯಾದರೆ ಒಡೆಯುವಿಕೆ ಹೆಚ್ಚು. ಈ ಮೂರೂ ಜೀನುಗಳಿಗೆ ಸಿ (ಕ್ಲಿಯರ್, ಅಂದರೆ ತಿಳಿ) ಎಂಬ ಹೆಸರು ಬಂದದ್ದೂ ಅವು ಕೆಟ್ಟಾಗ ಪ್ಲೇಕ್ ತಿಳಿಯಾಗುತ್ತದೆ ಎಂಬ ಕಾರಣಕ್ಕೇ. 1957ರಲ್ಲಿ ಕೈಸರ್ ಅವರು ತಿಳಿ ಪ್ಲೇಕ್ ಕೊಡುವ ರೂಪಾಂತರಗಳನ್ನು (ಜೀನು ಬದಲಾದ ಫೇಜ್‌ಗಳನ್ನು) ವಿಂಗಡಿಸಿದಾಗ ಈ ಮೂರು ವರ್ಗಗಳು ದೊರೆತವು. ತಿಳಿ ಪ್ಲೇಕ್‌ಗೆ ಮೂರು ಪ್ರತ್ಯೇಕ ದಾರಿಗಳಿವೆ ಎಂದು ಅಂದೇ ಗೊತ್ತಾಗಿತ್ತು. ನಮ್ಮ ವಿದ್ಯಾರ್ಥಿಗಳು ಅವುಗಳಲ್ಲಿ ಒಂದನ್ನಷ್ಟೇ ಹಿಡಿದುಕೊಂಡರು.

ಶಾಖ ಅರಿಯುವ ಆರ್‌ಎನ್‌ಎ

ಅವರು ಆ ದಾರಿಯನ್ನೇ ಹಿಡಿದದ್ದಕ್ಕೆ ಕಾರಣವಿದೆ. ಹಿಂದಿನ ವಾರವಷ್ಟೇ ತರಗತಿಯಲ್ಲಿ ಆರ್‌ಎನ್‌ಎ ತಾಪಮಾಪಕಗಳ ಪಾಠವಾಗಿತ್ತು. ಎಂಆರ್‌ಎನ್‌ಎ ಒಂಟಿ ಎಳೆಯಾದರೂ ತನ್ನ ಮೇಲೆಯೇ ಮಡಿಚಿಕೊಂಡು ಜೋಡಿಗಟ್ಟುತ್ತದೆ. ರೈಬೋಸೋಮ್ ಬಂದು ಕೂರಬೇಕಾದ ಶೈನ್-ಡಲ್ಗಾರ್ನೊ ಸರಣಿಯೂ ಆರಂಭದ ಸಂಕೇತವೂ ಆ ಮಡಿಕೆಯೊಳಗೆ ಸಿಕ್ಕಿಕೊಂಡರೆ ಪ್ರೋಟೀನ್ ತಯಾರಿ ನಿಲ್ಲುತ್ತದೆ. ಶಾಖ ಏರಿದಂತೆ ದುರ್ಬಲ ಜೋಡಿಗಳು ಬಿಚ್ಚಿ ಆ ಜಾಗ ತೆರವಾಗುತ್ತದೆ. ಇ. ಕೋಲಿಯಲ್ಲಿ ಶಾಖಾಘಾತದ ಪ್ರತಿಕ್ರಿಯೆಯನ್ನು ನಡೆಸುವ ಸಿಗ್ಮಾ-32 ಪ್ರೋಟೀನಿನ ಎಂಆರ್‌ಎನ್‌ಎ ಹೀಗೆ ತೆರೆದುಕೊಳ್ಳುತ್ತದೆ ಎಂದು 1999ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಲಿಸ್ಟೀರಿಯಾ ಎಂಬ ರೋಗಕಾರಕದ ಪಿಆರ್‌ಎಫ್‌ಎ ಜೀನಿನ ಎಂಆರ್‌ಎನ್‌ಎ 30 ಡಿಗ್ರಿಯಲ್ಲಿ ಮುಚ್ಚಿದ್ದು, ದೇಹದ 37 ಡಿಗ್ರಿಯಲ್ಲಿ ತೆರೆಯುತ್ತದೆ ಎಂಬುದು 2002ರಲ್ಲಿ ತಿಳಿಯಿತು. ಈ ಬಗೆಯ ಆರ್‌ಎನ್‌ಎಗೆ ಯಾವ ಸಹಾಯಕ ಪ್ರೋಟೀನೂ ಬೇಕಿಲ್ಲ. ಅರಿಯುವುದೂ ಅದೇ, ಆಜ್ಞೆ ಕೊಡುವುದೂ ಅದೇ.

ಲ್ಯಾಂಬ್ಡಾದ ಸಿ-3 ಇವೆಲ್ಲಕ್ಕಿಂತ ಮೊದಲು ತಿಳಿದದ್ದು, ಮತ್ತು ಇವೆಲ್ಲಕ್ಕಿಂತ ಭಿನ್ನವಾದದ್ದು. 1989ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಶೋಶಿ ಆಲ್ಟುವಿಯಾ, ಆಮೊಸ್ ಒಪ್ಪೆನ್‌ಹೈಮ್ ಮತ್ತು ಅವರ ಸಹೋದ್ಯೋಗಿಗಳು ಈ ಎಂಆರ್‌ಎನ್‌ಎ ಎರಡು ಬೇರೆ ಬೇರೆ ಮಡಿಕೆಗಳ ನಡುವೆ ತೂಗಾಡುತ್ತದೆ ಎಂದು ತೋರಿಸಿದರು. ಎ ಎಂದು ಕರೆಯಲಾದ ಮಡಿಕೆಯಲ್ಲಿ ರೈಬೋಸೋಮ್ ಕೂರುವ ಜಾಗ ಮುಚ್ಚಿಹೋಗಿರುತ್ತದೆ; ಬಿ ಎಂಬ ಮಡಿಕೆಯಲ್ಲಿ ಅದು ತೆರೆದಿರುತ್ತದೆ. ರೈಬೋಸೋಮಿನ 30ಎಸ್ ಉಪಘಟಕ ಬಿ ರೂಪವನ್ನು ಮಾತ್ರ ಹಿಡಿಯುತ್ತದೆ. 37 ಡಿಗ್ರಿಯಲ್ಲಿ ಎರಡೂ ರೂಪಗಳು ಒಟ್ಟಿಗೆ ಇರುತ್ತವೆ, 45 ಡಿಗ್ರಿಗೆ ಏರಿಸಿದರೆ ಎ ಮೇಲುಗೈ ಪಡೆದು ಸಿ-3 ತಯಾರಿ ಕುಗ್ಗುತ್ತದೆ. ಅಂದರೆ ಬಿಸಿಯಲ್ಲಿ ಇದು ತೆರೆಯುವುದಿಲ್ಲ, ಮುಚ್ಚುತ್ತದೆ.

ಇಲ್ಲಿ ಕುಮಟೆಯ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಎತ್ತಿದ ಆಕ್ಷೇಪಣೆಯನ್ನು ದಾಖಲಿಸಬೇಕು. "ಸರ್, ಬಿಸಿ ಹೆಚ್ಚಾದ್ರೆ ಮಡಿಕೆ ಬಿಚ್ಚಬೇಕಲ್ವಾ? ಇದು ಗಟ್ಟಿ ಆಗೋದು ಹೇಗೆ?" ಎಂದು ಆಕೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಸಿಗ್ಮಾ-32ರ ಆರ್‌ಎನ್‌ಎಯನ್ನು ಗಜನಿ, ಅಂದರೆ ಉಪ್ಪುನೀರಿನ ಗದ್ದೆಯ, ಬದುವಿನ ಬಾಗಿಲಿಗೆ ಹೋಲಿಸಬಹುದು: ಒಂದೇ ಬಾಗಿಲು, ಒಂದೋ ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ. ಸಿ-3ರಲ್ಲಿ ಪೈಪೋಟಿ ಇರುವುದು ಮಡಿಕೆಗೂ ಬಿಚ್ಚಿದ ಎಳೆಗೂ ನಡುವೆ ಅಲ್ಲ, ಎರಡು ಮಡಿಕೆಗಳ ನಡುವೆ. ಎರಡು ರೂಪಗಳು ಸಮತೋಲದಲ್ಲಿರುವಾಗ ತಾಪಮಾನ ಏರಿಸಿದರೆ, ಯಾವ ರೂಪಕ್ಕೆ ಹೋಗಲು ಶಾಖವನ್ನು ಹೀರಿಕೊಳ್ಳಬೇಕೋ ಆ ರೂಪದ ಪಾಲು ಹೆಚ್ಚುತ್ತದೆ; ಇದು ರಸಾಯನಶಾಸ್ತ್ರದ ಮೊದಲ ವರ್ಷದ ಪಾಠ. ಬಿಯಿಂದ ಎಗೆ ಹೋಗುವುದು ಅಂಥ ಬದಲಾವಣೆ. ಬಿ ತಂಪಿನಲ್ಲಿ ಹೆಚ್ಚು ಲಾಭದಾಯಕವಾದರೂ ಶಾಖದಲ್ಲಿ ಆ ಲಾಭವನ್ನು ಕಳೆದುಕೊಳ್ಳುತ್ತದೆ, ಮತ್ತು ಎ ಅದರ ಜಾಗಕ್ಕೆ ಬರುತ್ತದೆ. ಎ ಗಟ್ಟಿಯಾಯಿತು ಎನ್ನುವುದಕ್ಕಿಂತ ಬಿ ಅದಕ್ಕಿಂತ ಬೇಗ ಸಡಿಲವಾಯಿತು ಎನ್ನುವುದು ಸರಿಯಾದ ಮಾತು. ಮುಚ್ಚಿದ ಮಡಿಕೆಗೆ ಶಾಖ ವೈರಿ ಎಂದು ಕಲಿಸಿದ ನಮ್ಮ ಪಾಠವೇ ಸ್ವಲ್ಪ ಇಕ್ಕಟ್ಟಾಗಿತ್ತೇನೋ.

ಇನ್ನೊಂದು ಸಂಗತಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುತ್ತದೆ. ಅದೇ ಕೋಶದಲ್ಲಿ, ಅದೇ ಶಾಖಕ್ಕೆ, ಬ್ಯಾಕ್ಟೀರಿಯಾದ ಸಿಗ್ಮಾ-32 ಆರ್‌ಎನ್‌ಎ ತೆರೆಯುತ್ತಿದ್ದರೆ ಫೇಜ್‌ನ ಸಿ-3 ಆರ್‌ಎನ್‌ಎ ಮುಚ್ಚುತ್ತಿರುತ್ತದೆ. ಸಿಗ್ಮಾ-32 ಪ್ರೋಟೀನನ್ನು ಕತ್ತರಿಸುವುದೂ ಎಫ್‌ಟಿಎಸ್‌ಎಚ್ ಭಂಜಕವೇ. ಸಿಗ್ಮಾ-32 ಹೆಚ್ಚಿದಾಗ ಆ ಭಂಜಕದ ತಯಾರಿಯೂ ಹೆಚ್ಚುತ್ತದೆ. ಹೀಗಾಗಿ ಬಿಸಿಯಾದ ಕೋಶದಲ್ಲಿ ಸಿ-2ರ ಮೇಲೆ ಎರಡು ಕಡೆಯಿಂದ ಒತ್ತಡ ಬೀಳುತ್ತದೆ: ಕತ್ತರಿಸುವವನು ಹೆಚ್ಚಿದ್ದಾನೆ, ಅಡ್ಡ ಬರುವವನು ಕಡಿಮೆಯಾಗಿದ್ದಾನೆ. ತಂಪಿನ ತುದಿಯಲ್ಲಿ ಇದರ ವಿಲೋಮ ಕಾಣುತ್ತದೆ. 20 ಡಿಗ್ರಿಯಲ್ಲಿ ಸಿ-2 ಬಹಳ ಹೊತ್ತು ಉಳಿಯುವುದರಿಂದ ಲ್ಯಾಂಬ್ಡಾದ ಒಡೆಯುವ ಚಟುವಟಿಕೆಯೇ ತಗ್ಗಿಬಿಡುತ್ತದೆ.

ಸೀಸೆಯ ಮೇಲಿನ ಬರಹ

ಇಷ್ಟು ಸೊಗಸಾದ ವಿವರಣೆ ಕೈಯಲ್ಲಿರುವಾಗ ಬೇರೆ ಕಾರಣ ಹುಡುಕುವ ಮನಸ್ಸು ಯಾರಿಗೂ ಬರುವುದಿಲ್ಲ. ಫೇಜ್ ದಾಸ್ತಾನಿನ ಸೀಸೆಯನ್ನು ಫ್ರಿಜ್‌ನಿಂದ ತರಿಸಿ ನೋಡಿದ್ದು ಈ ಕಾರಣಕ್ಕಾಗಿಯೇ. ತಿರುಪು ಮುಚ್ಚಳದ ಸಣ್ಣ ಗಾಜಿನ ಸೀಸೆ, ತಳದಲ್ಲಿ ಒಂದು ಹನಿ ಕ್ಲೋರೋಫಾರ್ಮ್, ಮೈಮೇಲೆ ಮಾರ್ಕರ್ ಪೆನ್ನಿನ ಬರಹ. ಫ್ರಿಜ್‌ನ ತೇವಕ್ಕೆ ಅಕ್ಷರಗಳು ಕದಡಿ, ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರವೂ ಕೊನೆಯ ಮೂರು ಅಂಕಿಗಳೂ ಉಳಿದಿದ್ದವು: 857.

ಆ ಅಂಕಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರಿಗೆಲ್ಲ ಪರಿಚಿತ. ಸಿ-1-857 ಎಂಬುದು 1962ರಲ್ಲಿ ಪ್ಯಾರಿಸ್ಸಿನಲ್ಲಿ ಸುಸ್‌ಮನ್ ಮತ್ತು ಜಾಕೋಬ್ ವರದಿ ಮಾಡಿದ ರೂಪಾಂತರ. ನಿಗ್ರಹಕ ಪ್ರೋಟೀನಿನ 66ನೆಯ ಸ್ಥಾನದಲ್ಲಿ ಅಲನಿನ್ ಇರಬೇಕಾದಲ್ಲಿ ಥ್ರಿಯೊನಿನ್ ಇರುತ್ತದೆ. 30 ಡಿಗ್ರಿಯಲ್ಲಿ ಆ ಪ್ರೋಟೀನು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, 42 ಡಿಗ್ರಿಯಲ್ಲಿ ಆಕಾರ ಕೆಟ್ಟು ಡಿಎನ್‌ಎಯನ್ನು ಬಿಟ್ಟುಬಿಡುತ್ತದೆ. ಬೇಕೆಂದಾಗ ಶಾಖ ಕೊಟ್ಟು ಫೇಜನ್ನು ಎಬ್ಬಿಸಬಹುದಾದ್ದರಿಂದ ಪ್ರಪಂಚದಾದ್ಯಂತ ಪ್ರಯೋಗಾಲಯಗಳಲ್ಲಿ ಬಳಕೆಯಾಗುವ ಲ್ಯಾಂಬ್ಡಾಗಳಲ್ಲಿ ಬಹುಪಾಲು ಇದೇ. ಮಾರುಕಟ್ಟೆಯಲ್ಲಿ ಸಿಗುವ ಲ್ಯಾಂಬ್ಡಾ ಡಿಎನ್‌ಎಯಲ್ಲಿಯೂ ಸಾಮಾನ್ಯವಾಗಿ ಈ ರೂಪಾಂತರ ಇದ್ದೇ ಇರುತ್ತದೆ.

ಇದರಿಂದ ಪ್ರಕರಣದ ದಿಕ್ಕು ಬದಲಾಯಿತು. 42 ಡಿಗ್ರಿಯಲ್ಲಿ ನಿಗ್ರಹಕವೇ ಕೆಲಸ ಮಾಡದಿದ್ದರೆ, ಸಿ-3ರ ಆರ್‌ಎನ್‌ಎ ಪೂರ್ತಿ ತೆರೆದಿದ್ದರೂ, ಸಿ-2 ಎಷ್ಟೇ ಕೂಡಿದ್ದರೂ, ಲೈಸೋಜೆನಿ ನೆಲೆಗೊಳ್ಳುವುದಿಲ್ಲ. ಅಂದರೆ ಆ ತಟ್ಟೆಯ ತಿಳಿ ಪ್ಲೇಕ್ ಸಿ-3ರ ಬಗ್ಗೆ ಹೌದೆಂದೂ ಹೇಳಲಾರದು, ಅಲ್ಲವೆಂದೂ ಹೇಳಲಾರದು. ವಿದ್ಯಾರ್ಥಿಗಳ ವಿವರಣೆ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸಿ-3 ಆರ್‌ಎನ್‌ಎ ಆ ತಟ್ಟೆಯಲ್ಲಿಯೂ ತನ್ನ ಪಾಡಿಗೆ ಮುಚ್ಚಿಕೊಂಡಿರಬಹುದು. ಅದರ ಪರಿಣಾಮ ಕಣ್ಣಿಗೆ ಬೀಳುವ ದಾರಿಯನ್ನು ನಿಗ್ರಹಕದ ದೋಷ ಮುಚ್ಚಿಬಿಟ್ಟಿದೆ, ಅಷ್ಟೆ.

ಲೈಸೋಜೆನ್‌ಗಳ ಸಾಕ್ಷ್ಯ

ಅರಿಯುವ ಅಣು ಪ್ರೋಟೀನೇ ಎಂದು ನೇರವಾಗಿ ತೋರಿಸುವ ಒಂದು ಪರೀಕ್ಷೆ ಇದೆ, ಮತ್ತು ಅದಕ್ಕೆ ದುಬಾರಿ ಉಪಕರಣವೇನೂ ಬೇಡ. ಒಮ್ಮೆ ನೆಲೆಗೊಂಡ ಲೈಸೋಜೆನ್‌ನಲ್ಲಿ, ಅಂದರೆ ಫೇಜನ್ನು ತನ್ನ ಕ್ರೋಮೋಸೋಮಿನಲ್ಲಿ ಹೊತ್ತ ಬ್ಯಾಕ್ಟೀರಿಯಾದಲ್ಲಿ, ನಿಗ್ರಹಕ ಪ್ರೋಟೀನು ಸಿ-3 ಜೀನಿನಿಂದ ಎಂಆರ್‌ಎನ್‌ಎ ತಯಾರಾಗುವುದನ್ನೇ ತಡೆದಿರುತ್ತದೆ. ಎಂಆರ್‌ಎನ್‌ಎಯೇ ಇಲ್ಲದಿರುವಾಗ ಅದರ ಮಡಿಕೆ ಶಾಖವನ್ನು ಅರಿಯುವ ಪ್ರಶ್ನೆ ಏಳುವುದಿಲ್ಲ. ಆದ್ದರಿಂದ ನೆಲೆಗೊಂಡ ಲೈಸೋಜೆನ್ ಶಾಖಕ್ಕೆ ಒಡೆದರೆ ಅದರ ಕಾರಣ ಸಿ-3 ಆಗಿರಲಾರದು.

30 ಡಿಗ್ರಿಯ ತಟ್ಟೆಯ ಮಬ್ಬು ನಡುವಿನಿಂದ ತಂತಿಯ ಕುಣಿಕೆಯಲ್ಲಿ ಬ್ಯಾಕ್ಟೀರಿಯಾ ಎತ್ತಿ, ಗೀರಿ, ಒಂಟಿ ಕಾಲೊನಿಗಳನ್ನು ಪಡೆಯಲಾಯಿತು. ಒಂದೇ ಕಾಲೊನಿಯನ್ನು ಎರಡು ತಟ್ಟೆಗಳ ಮೇಲೆ ಎಳೆದು ಒಂದನ್ನು 30ರಲ್ಲಿ, ಇನ್ನೊಂದನ್ನು 42ರಲ್ಲಿ ಇಟ್ಟಾಗ, 30ರಲ್ಲಿ ಗೀರಿದ ಗೆರೆಯುದ್ದಕ್ಕೂ ಬೆಳೆ ಬಂತು, 42ರಲ್ಲಿ ಬರಲಿಲ್ಲ. ಫೇಜ್ ಇಲ್ಲದ ಮೂಲ ಬ್ಯಾಕ್ಟೀರಿಯಾ ಎರಡರಲ್ಲಿಯೂ ಬೆಳೆಯಿತು. ಆದ್ದರಿಂದ ಶಾಖವೇ ಬ್ಯಾಕ್ಟೀರಿಯಾವನ್ನು ಕೊಂದಿತೆಂಬ ವಾದಕ್ಕೆ ಜಾಗವಿಲ್ಲ. ಬಳಿಕ ಲೈಸೋಜೆನನ್ನು ಸಾರಿನಲ್ಲಿ 30 ಡಿಗ್ರಿಯಲ್ಲಿ ಬೆಳೆಸಿ, 42 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಕಾಲು ಗಂಟೆ ಇಟ್ಟು, 37ಕ್ಕೆ ತಂದು ಅಲುಗಿಸುತ್ತಿರಲಾಯಿತು. ಗಂಟೆಯೊಂದು ಕಳೆಯುವಷ್ಟರಲ್ಲಿ ಕಲಕಿದ ಮಜ್ಜಿಗೆನೀರಿನ ಬಣ್ಣದ ಸಾರು ತಿಳಿಯಾಗತೊಡಗಿತು. ಟ್ಯೂಬನ್ನು ಬೆಳಕಿಗೆ ಹಿಡಿದು ಓರೆ ಮಾಡಿದರೆ ಒಡೆದ ಕೋಶಗಳ ಡಿಎನ್‌ಎ ಲೋಳೆಯ ಎಳೆಗಳಾಗಿ ಜಾರುವುದು ಕಾಣುತ್ತಿತ್ತು. ಪ್ರಯೋಗಾಲಯದ ಅಟೆಂಡರ್ ಸಹ ಬಂದು ನೋಡಿದರು.

ಹೋಲಿಕೆಗಾಗಿ ರೂಪಾಂತರವಿಲ್ಲದ ಲ್ಯಾಂಬ್ಡಾ ಬೇಕಿತ್ತು, ಪರಿಚಯದ ಸಂಶೋಧಕರೊಬ್ಬರಿಂದ ಅದು ದೊರೆಯಿತು. ಅದರ ಲೈಸೋಜೆನ್‌ಗಳು 42 ಡಿಗ್ರಿಯಲ್ಲಿಯೂ ಬೆಳೆದವು, ಅವುಗಳ ಸಾರು ಶಾಖದ ನಂತರವೂ ಮಬ್ಬಾಗಿಯೇ ಉಳಿಯಿತು. ಮೊದಲ ತಟ್ಟೆಗಳಲ್ಲಿ ಶಾಖವನ್ನು ಅರಿತದ್ದು 66ನೆಯ ಸ್ಥಾನದಲ್ಲಿ ಬದಲಾದ ಪ್ರೋಟೀನು ಎಂಬುದರಲ್ಲಿ ಇದಾದ ಮೇಲೆ ಸಂಶಯ ಉಳಿಯಲಿಲ್ಲ.

ಹಾಗಾದರೆ ಆರ್‌ಎನ್‌ಎಯ ಪಾಲೆಷ್ಟು

ರೂಪಾಂತರವಿಲ್ಲದ ಫೇಜನ್ನು ಮತ್ತೆ ಎರಡೂ ತಾಪಮಾನಗಳಲ್ಲಿ ಹರಡಿದಾಗ 42 ಡಿಗ್ರಿಯ ಪ್ಲೇಕ್‌ಗಳಲ್ಲಿ ಮಬ್ಬು ಉಳಿದಿತ್ತು, ಆದರೆ 30 ಡಿಗ್ರಿಯದಕ್ಕಿಂತ ತೆಳುವಾಗಿತ್ತು. ತಾಪಮಾನ ಏರಿದಂತೆ ಲ್ಯಾಂಬ್ಡಾದ ಲೈಸೋಜೆನಿ ಕುಗ್ಗುತ್ತದೆ ಎಂಬುದು ಹಳೆಯ ತಿಳಿವಳಿಕೆ. ನಮ್ಮ ತಟ್ಟೆಗಳು ಅದಕ್ಕೆ ಹೊಂದುತ್ತವೆ. ವಿದ್ಯಾರ್ಥಿಗಳು ಇಲ್ಲಿ ಮತ್ತೆ ಸಿ-3ರ ಹೆಸರೆತ್ತಿದರು, ಈ ಬಾರಿ ಅವರ ಪಕ್ಷ ಮೊದಲಿಗಿಂತ ಬಲವಾಗಿತ್ತು. ಕೆಡದ ನಿಗ್ರಹಕ ಇರುವಾಗ ಶಾಖದ ಪರಿಣಾಮ ತೋರಿದರೆ ಅದು ಲೈಸೋಜೆನಿ ನೆಲೆಗೊಳ್ಳುವ ಹಂತದಲ್ಲಿಯೇ ಹುಟ್ಟಿರಬೇಕು, ಮತ್ತು ಆ ಹಂತದಲ್ಲಿ ಸಿ-3ರ ಆರ್‌ಎನ್‌ಎ ಇರುತ್ತದೆ.

ಇರುತ್ತದೆ ನಿಜ, ಆದರೆ ಅದೊಂದೇ ಇರುವುದಿಲ್ಲ. ಭಂಜಕದ ಪ್ರಮಾಣ ಹೆಚ್ಚಿರುತ್ತದೆ. ಬ್ಯಾಕ್ಟೀರಿಯಾದ ಬೆಳವಣಿಗೆಯ ವೇಗ ಬೇರೆಯಾಗಿರುತ್ತದೆ. ವೇಗ ಬದಲಾದರೆ ಒಂದು ಕೋಶಕ್ಕೆ ಎಷ್ಟು ಫೇಜ್‌ಗಳು ತಗಲುತ್ತವೆ ಎಂಬುದೂ ಬದಲಾಗುತ್ತದೆ, ಮತ್ತು ಹಲವು ಫೇಜ್‌ಗಳು ಒಟ್ಟಿಗೆ ತಗಲಿದ ಕೋಶ ಲೈಸೋಜೆನಿಯ ಕಡೆ ವಾಲುತ್ತದೆ. ಸಿ-3ರ ಎಂಆರ್‌ಎನ್‌ಎ ಮೇಲೆ ಕೆಲಸ ಮಾಡುವ ಆರ್‌ಎನ್‌ಏಸ್-3 ಎಂಬ ಬ್ಯಾಕ್ಟೀರಿಯಾದ ಕಿಣ್ವವೊಂದಿದೆ. ಅದಿಲ್ಲದ ಕೋಶಗಳಲ್ಲಿ ಸಿ-3 ತಯಾರಿ ಕುಗ್ಗುತ್ತದೆ. ಮೆಗ್ನೀಸಿಯಂ ಪ್ರಮಾಣವೂ ಎ ಮತ್ತು ಬಿ ರೂಪಗಳ ಸಮತೋಲವನ್ನು ಕದಲಿಸುತ್ತದೆ. ತಟ್ಟೆಯ ಮೇಲಿನ ಮಬ್ಬು ಇವೆಲ್ಲದರ ಒಟ್ಟು ಫಲ, ಅದರಿಂದ ಒಂದನ್ನು ಮಾತ್ರ ಬಿಡಿಸಿ ತೆಗೆಯಲಾಗದು.

ಆರ್‌ಎನ್‌ಎಯ ಪಾಲನ್ನು ಬಿಡಿಸಿ ತೋರಿಸಬೇಕಾದರೆ ನೋಟವನ್ನು ಪ್ಲೇಕ್‌ನಿಂದ ತೆಗೆದು ಆರ್‌ಎನ್‌ಎಯ ಮೇಲೆಯೇ ಇಡಬೇಕು. ಸಿ-3ರ ಆರಂಭದ ತುಂಡನ್ನು ಅಳೆಯಲು ಸುಲಭವಾದ, ವರದಿಗಾರನಂತೆ ಬಳಕೆಯಾಗುವ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವದ ಜೀನಿಗೆ ಎರಡು ಬಗೆಯಲ್ಲಿ ಜೋಡಿಸಬಹುದು. ಒಂದರಲ್ಲಿ ವರದಿಗಾರ ಪ್ರೋಟೀನಿನ ತಯಾರಿಗೂ ಸಿ-3ರ ರೈಬೋಸೋಮ್ ಜಾಗವೇ ಬಳಕೆಯಾಗುತ್ತದೆ. ಇನ್ನೊಂದರಲ್ಲಿ ವರದಿಗಾರನಿಗೆ ತನ್ನದೇ ಜಾಗವಿದ್ದು, ಎಂಆರ್‌ಎನ್‌ಎ ಎಷ್ಟು ತಯಾರಾಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಶಾಖಕ್ಕೆ ಮೊದಲನೆಯದು ಇಳಿದು ಎರಡನೆಯದು ಇಳಿಯದಿದ್ದರೆ ನಿಯಂತ್ರಣ ಪ್ರೋಟೀನ್ ತಯಾರಿಯ ಹಂತದಲ್ಲಿದೆ ಎಂದಾಯಿತು. ಇದೂ ಮಡಿಕೆಯೇ ಕಾರಣವೆಂದು ಸಾಬೀತುಪಡಿಸುವುದಿಲ್ಲ. ಅದಕ್ಕೆ ಬೇಸ್‌ಗಳನ್ನು ಬದಲಿಸಿ ನೋಡಬೇಕು: ಎ ಮಡಿಕೆಯನ್ನು ಮುರಿಯುವ ಬದಲಾವಣೆಯಿಂದ ಸಿ-3 ಎಲ್ಲ ತಾಪಮಾನಗಳಲ್ಲಿಯೂ ಹೆಚ್ಚಬೇಕು, ಬಿಯನ್ನು ಮುರಿದರೆ ಕುಗ್ಗಬೇಕು, ಮುರಿದ ಜೋಡಿಯನ್ನು ಎದುರು ಬದಿಯ ಬದಲಾವಣೆಯಿಂದ ಮತ್ತೆ ಕೂಡಿಸಿದರೆ ಹಳೆಯ ನಡತೆ ಮರಳಬೇಕು. ಜೆರುಸಲೇಮಿನ ಗುಂಪಿನ ವಾದಕ್ಕೆ ತೂಕ ಬಂದದ್ದು ಅವರು ರೂಪಾಂತರಗಳನ್ನೂ, ಮಡಿಕೆಯ ರಾಸಾಯನಿಕ ಮತ್ತು ಕಿಣ್ವಕ ಪರಿಶೀಲನೆಯನ್ನೂ, ರೈಬೋಸೋಮ್ ಹಿಡಿತವನ್ನೂ ಒಟ್ಟಿಗೆ ಇಟ್ಟದ್ದರಿಂದ. ಯಾವ ಒಂದನ್ನು ತೆಗೆದರೂ ಅದು ಊಹೆಯ ಮಟ್ಟಕ್ಕೆ ಇಳಿಯುತ್ತಿತ್ತು.

ಇಂಥ ಸೌಕರ್ಯ ಪದವಿ ಕಾಲೇಜಿನಲ್ಲಿಲ್ಲ. ಆದರೆ ಆರ್‌ಎನ್‌ಎ ಮಡಿಕೆಯನ್ನು ಲೆಕ್ಕ ಹಾಕುವ ಆರ್‌ಎನ್‌ಎ-ಫೋಲ್ಡ್ ಎಂಬ ಪ್ರೋಗ್ರಾಮ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ತಾಪಮಾನವನ್ನೂ ಬದಲಿಸಬಹುದು. ಶಿರಸಿಯ ಒಬ್ಬ ವಿದ್ಯಾರ್ಥಿ ಸಿ-3ರ ಸರಣಿಯನ್ನು ಅದರಲ್ಲಿ ಹಾಕಿ, ತುಂಡಿನ ಉದ್ದವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿದಾಗಲೆಲ್ಲ ಬೇರೆ ಚಿತ್ರ ಬರುತ್ತದೆ ಎಂದು ದೂರಿದ. ಅವನ ದೂರು ಸರಿಯಾದದ್ದು, ಉಪಯುಕ್ತವೂ ಹೌದು. ಸಿ-3ರ ಮಡಿಕೆಗೆ ಬೇಕಾದ ಸರಣಿ ಆರಂಭದ ಸಂಕೇತವನ್ನು ದಾಟಿ ಜೀನಿನ ಒಳಗೂ ಚಾಚಿಕೊಂಡಿದೆ; ತುಂಡನ್ನು ಮೊದಲೇ ಕತ್ತರಿಸಿದರೆ ಒಂದು ಮಡಿಕೆಯ ಅರ್ಧವೇ ಕಳೆದುಹೋಗುತ್ತದೆ. ಪ್ರೋಗ್ರಾಮ್ ಕೊಡುವುದು ಶಕ್ತಿಯ ಅಂದಾಜು ಮಾತ್ರ. ಮೆಗ್ನೀಸಿಯಂ, ಆರ್‌ಎನ್‌ಏಸ್-3, ಎಂಆರ್‌ಎನ್‌ಎ ತಯಾರಾಗುತ್ತಿರುವಾಗಲೇ ಮಡಿಚಿಕೊಳ್ಳುವ ಕ್ರಮ, ಇವು ಅದರ ಲೆಕ್ಕಕ್ಕೆ ಬರುವುದಿಲ್ಲ.

ಕರಾವಳಿಗೆ ಹತ್ತಿರದ ಎರಡು ಉದಾಹರಣೆಗಳು

ಚರ್ಚೆಯ ನಡುವೆ, ಕಾಳಿ ನದಿಯ ಅಳಿವೆಯ ನೀರಿನಲ್ಲಿರುವ ಫೇಜ್‌ಗಳಿಗೂ ಇಂಥ ತಾಪಮಾಪಕಗಳಿರಬಹುದೇ ಎಂಬ ಪ್ರಶ್ನೆ ಬಂತು. ಅಳಿವೆಯ ಉಪ್ಪುನೀರು ವಿಬ್ರಿಯೋ ಕುಲದ ಬ್ಯಾಕ್ಟೀರಿಯಾಗಳಿಗೆ ಒಗ್ಗಿದ ನೆಲೆಯಾದ್ದರಿಂದ ಕಾಲರಾದ ಉದಾಹರಣೆ ಇಲ್ಲಿ ಪ್ರಸ್ತುತ. ಕಾಲರಾ ವಿಷದ ಜೀನುಗಳು ವಿಬ್ರಿಯೋ ಕಾಲರೆಯ ಸ್ವಂತದವಲ್ಲ, ಅದರೊಳಗೆ ಸೇರಿಕೊಂಡ ಸಿಟಿಎಕ್ಸ್ ಎಂಬ ಫೇಜ್‌ನವು ಎಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ತೋರಿಸಿದರು. ಆ ಜೀನುಗಳನ್ನು ಚಾಲೂ ಮಾಡುವುದು ಬ್ಯಾಕ್ಟೀರಿಯಾದ ಟಾಕ್ಸ್-ಟಿ ಪ್ರೋಟೀನು. ಅದರ ಎಂಆರ್‌ಎನ್‌ಎಯಲ್ಲಿ ಯುರಾಸಿಲ್ ಎಂಬ ನಾಲ್ಕು ಬೇಸ್‌ಗಳು ಶೈನ್-ಡಲ್ಗಾರ್ನೊ ಸರಣಿಯನ್ನು ಹಿಡಿದಿಟ್ಟಿದ್ದು, 37 ಡಿಗ್ರಿಯಲ್ಲಿ ಸಡಿಲವಾಗುತ್ತವೆ ಎಂದು 2014ರಲ್ಲಿ ವರದಿಯಾಯಿತು. ಸಿಟಿಎಕ್ಸ್ ಫೇಜ್ ಕೋಶದ ಒಳಹೋಗಲು ಹಿಡಿಯುವ ಪಿಲಸ್ ಎಂಬ ಎಳೆಯೂ ಟಾಕ್ಸ್-ಟಿಯ ಅಧೀನದಲ್ಲಿದೆ. ಇಲ್ಲಿ ಆರ್‌ಎನ್‌ಎ ತಾಪಮಾಪಕ ಬ್ಯಾಕ್ಟೀರಿಯಾದ್ದು, ಅದರ ಆಜ್ಞೆಗೆ ಒಳಪಟ್ಟ ವಿಷ ಫೇಜ್‌ನದ್ದು.

ಇನ್ನೊಂದು ಉದಾಹರಣೆ ಎಚ್ಚರಿಕೆಗಾಗಿ. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಮೆಲಿಯಾಯ್ಡೋಸಿಸ್ ಕಾಯಿಲೆಯ ಬ್ಯಾಕ್ಟೀರಿಯಾಕ್ಕೆ ತಗಲುವ ಫೇಜ್‌ಗಳು ಥಾಯ್ಲೆಂಡಿನ ಮಣ್ಣಿನಲ್ಲಿ ದೊರೆತಿದ್ದು, 25 ಡಿಗ್ರಿಯಲ್ಲಿ ಹೆಚ್ಚಾಗಿ ಒಳಗೇ ಉಳಿಯುವ ಅವು 37ರಲ್ಲಿ ಒಡೆದು ಹೊರಬರುತ್ತವೆ. ನಡತೆ ನಮ್ಮ ತಟ್ಟೆಗಳಲ್ಲಿ ಕಂಡದ್ದರಂತೆಯೇ ಇದೆ. ಆದರೆ ನಡತೆ ಒಂದೇ ಆಗಿದ್ದರೂ ಅರಿಯುವ ಅಣು ಬೇರೆಯಾಗಿರಬಹುದು ಎಂಬುದನ್ನು ಆ 857ರ ಸೀಸೆ ತೋರಿಸಿಕೊಟ್ಟಿದೆ. ಶಾಖಕ್ಕೆ ಸ್ಪಂದಿಸುವ ಪ್ರತಿಯೊಂದು ಫೇಜನ್ನೂ ಆರ್‌ಎನ್‌ಎ ತಾಪಮಾಪಕದ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಜರ್ನಲ್‌ನಲ್ಲಿ ಉಳಿದದ್ದು

ಆ ಗುಂಪು ಹಳೆಯ ತೀರ್ಮಾನವನ್ನು ಹೊಡೆದುಹಾಕದೆ, ಅದರ ಕೆಳಗೆ ಹೊಸದನ್ನು ಬರೆಯಿತು. ಸಿ-1-857 ಫೇಜ್‌ನ ಪ್ಲೇಕ್‌ಗಳು 42 ಡಿಗ್ರಿಯಲ್ಲಿ ತಿಳಿಯಾದದ್ದಕ್ಕೆ ನಿಗ್ರಹಕ ಪ್ರೋಟೀನಿನ ಅಸ್ಥಿರತೆ ಸಾಕಾದ ಕಾರಣ, ಲೈಸೋಜೆನ್ ಪರೀಕ್ಷೆ ಅದಕ್ಕೆ ಆಧಾರ. ರೂಪಾಂತರವಿಲ್ಲದ ಫೇಜ್‌ನಲ್ಲಿ ಮಬ್ಬು ತೆಳುವಾದದ್ದು ಸಿ-3 ಆರ್‌ಎನ್‌ಎಯ ತಿಳಿದ ನಡತೆಗೆ ಹೊಂದುತ್ತದೆ, ಆದರೆ ಈ ಪ್ರಯೋಗದಿಂದ ಸಿದ್ಧವಾಗುವುದಿಲ್ಲ ಎಂಬುದು ಅದರ ಸಾರ. ಬಾಹ್ಯ ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಎರಡನೆಯ ಭಾಗದ ಮೇಲೆಯೇ ಹೆಚ್ಚು ಹೊತ್ತು ಪ್ರಶ್ನಿಸಿದರು. ಮುಂದಿನ ಬ್ಯಾಚಿಗೆ ಎರಡೂ ಫೇಜ್‌ಗಳನ್ನು ಹೆಸರಿಲ್ಲದ ಸೀಸೆಗಳಲ್ಲಿ ಕೊಟ್ಟು, ಯಾವುದು ಯಾವುದೆಂದು ಪ್ಲೇಕ್‌ಗಳನ್ನಷ್ಟೇ ನೋಡದೆ ಲೈಸೋಜೆನ್‌ಗಳ ಮೂಲಕ ಕಂಡುಹಿಡಿಯುವಂತೆ ಪ್ರಾಕ್ಟಿಕಲ್ ಅನ್ನು ಬದಲಿಸಲಾಗಿದೆ.